ತುಪ್ಪ ಹಾಕ್ಬೇಡಿ ಅಣ್ಣಾ: ಬೆಂಗಳೂರಿಂದ ಗೋಕರ್ಣಕ್ಕೆ ಒಬ್ಬಳೇ ಸೈಕಲ್‌ನಲ್ಲಿ

ಈ ಫೆಬ್ರವರಿಯಲ್ಲಿ ಬೆಂಗಳೂರಿಂದ ಗೋಕರ್ಣಕ್ಕೆ ಸೈಕಲ್ ತುಳಿದೆ. ಒಬ್ಬಳೇ. ಎಂಟು ದಿನ, ಹೆಚ್ಚುಕಡಿಮೆ 480 ಕಿಲೋಮೀಟರ್. ನಾನು ವೀಗನ್. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಜೇನು ಬಿಟ್ಟು ಆರು ವರ್ಷ ಆಯ್ತು. ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ, "ಅಷ್ಟು ತುಳಿಯೋಕೆ ಶಕ್ತಿ ಎಲ್ಲಿಂದ ಬಂತು?" ರಾಗಿ, ಹುರುಳಿ, ಅವರೆ, ಕಡಲೆಕಾಯಿ, ತೆಂಗು ಬೆಳೆಯೋ ಸೀಮೆಯಲ್ಲಿ ಹುಟ್ಟಿದವಳಿಗೆ ಶಕ್ತಿಗೆ ಬರ ಇಲ್ಲ. ನನ್ನ ತಲೆ ತಿಂದಿದ್ದು ಬೇರೆ ವಿಷಯಗಳು. ಯಾವ ಊರಲ್ಲಿ ಹೋಟೆಲ್ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತೆ, ದೋಸೆ ಮೇಲೆ ಏನು ಸವರುತ್ತಾರೆ, ಬಿಸಿಲಲ್ಲಿ ಬಂದವಳಿಗೆ ಅಂತ ಪ್ರೀತಿಯಿಂದ ತಂದುಕೊಟ್ಟ ಮಜ್ಜಿಗೆಯನ್ನ ಹೇಗೆ ಬೇಡ ಅನ್ನೋದು.

ದಾರಿ ಗೊತ್ತು ಮಾಡೋದು ಸುಲಭ ಇತ್ತು. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಜೋಗ, ಹೊನ್ನಾವರ, ಕುಮಟಾ, ಆಮೇಲೆ ಗೋಕರ್ಣ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಾಗಾಗಿ ಈ ದಿಕ್ಕಿನಲ್ಲಿ ಹೋದರೆ ಘಟ್ಟ ಇಳಿಯೋದು ಸಿಗುತ್ತದೆ, ಹತ್ತೋದಲ್ಲ. ಮೊದಲ ಸಲ ಒಬ್ಬರೇ ದೂರ ಹೋಗುವವರಿಗೆ ಇದು ದೊಡ್ಡ ಅನುಕೂಲ. ದಿನಕ್ಕೆ 60ರಿಂದ 80 ಕಿಲೋಮೀಟರ್ ಇಟ್ಟುಕೊಂಡೆ. ಮೊದಲ ದಿನ ಮಾತ್ರ 90 ದಾಟಿತು, ಕಡೆಗೆ ಬಂದಹಾಗೆ ಕಡಿಮೆಯಾಯ್ತು. ಬೆಳಿಗ್ಗೆ ಐದೂವರೆಗೆ ಹೊರಟು ಮಧ್ಯಾಹ್ನ ಎರಡರ ಒಳಗೆ ಆ ದಿನದ್ದು ಮುಗಿಸೋದು, ಕತ್ತಲಾದ ಮೇಲೆ ಸೈಕಲ್ ಮುಟ್ಟೋದೇ ಇಲ್ಲ. ಅಮ್ಮನಿಗೆ ಬೆಳಿಗ್ಗೆ ಒಂದು ಫೋನ್, ಊರು ಸೇರಿದ ಮೇಲೆ ಒಂದು ಫೋನ್. ಈ ಎರಡು ಮಾತನ್ನ ಎಂಟು ದಿನವೂ ಉಳಿಸಿಕೊಂಡೆ.

ಇನ್ನು ಊಟ. ನಕ್ಷೆ ಮುಂದಿಟ್ಟುಕೊಂಡು ನಾನು ಗುರುತು ಹಾಕಿದ್ದು ಬೆಟ್ಟ ಗುಡ್ಡ ಅಲ್ಲ, ಊಟ ಸಿಗೋ ಊರುಗಳನ್ನ. ನಮ್ಮ ಹೋಟೆಲ್‌ಗಳಲ್ಲಿ ಇಡ್ಲಿ, ಉದ್ದಿನ ವಡೆ, ಚಿತ್ರಾನ್ನ, ಪುಳಿಯೋಗರೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ರವೆ ಇಡ್ಲಿಗೆ ಮೊಸರು ಬೀಳುತ್ತದೆ. ಪೊಂಗಲ್, ಬಿಸಿಬೇಳೆಬಾತ್, ಕೇಸರಿಬಾತ್‌ಗೆ ತುಪ್ಪ. ಖಾರಾಬಾತನ್ನ ಕೇಳಿಯೇ ತಿನ್ನಬೇಕು. ಬನ್ನು, ಬಿಸ್ಕತ್ತು ಪೊಟ್ಟಣ ತಿರುಗಿಸಿ ಓದಿದರೆ ಎಷ್ಟೋ ಸಲ ಹಾಲಿನ ಪುಡಿ ಕಾಣುತ್ತದೆ. ಕರಾವಳಿಯಲ್ಲಿ ಗೋಳಿಬಜೆ, ಮಂಗಳೂರು ಬನ್ಸ್ ಎರಡಕ್ಕೂ ಮೊಸರು ಹಾಕುತ್ತಾರೆ. ಆದರೆ ನೀರುದೋಸೆ ಇದೆಯಲ್ಲ, ಬರೀ ಅಕ್ಕಿ, ನೀರು, ಉಪ್ಪು.

ಚೀಲದಲ್ಲಿ ಯಾವಾಗಲೂ ಒಂದು ಹೊತ್ತಿನ ಊಟ ಇರಲೇಬೇಕು ಅಂತ ಅಂದುಕೊಂಡಿದ್ದೆ. ಅದಕ್ಕೆ ರಾಗಿ ಹುರಿಹಿಟ್ಟು. ರಾಗಿಯನ್ನ ನೆನೆಸಿ, ಬಿಸಿ ಮರಳಲ್ಲಿ ಅರಳಿಸಿ ಬೀಸಿದ ಹಿಟ್ಟು ಇದು, ಒಲೆ ಬೇಡ. ಲೋಟಕ್ಕೆ ನಾಲ್ಕು ಚಮಚ ಹಿಟ್ಟು, ಕುಟ್ಟಿದ ಬೆಲ್ಲ, ಒಂದು ಹಿಡಿ ಕಾಯಿತುರಿ, ನೀರು. ಎರಡು ನಿಮಿಷದ ಕೆಲಸ. ಜೊತೆಗೆ ಅರ್ಧ ಕೇಜಿ ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ, ಅವಲಕ್ಕಿ, ಶೇಂಗಾ ಚಟ್ನಿಪುಡಿ, ಬೆಲ್ಲದ ಅಚ್ಚು, ನಿಂಬೆಹಣ್ಣು, ಒಂದು ಡಬ್ಬಿ ಉಪ್ಪು. ಬಿ12 ಮಾತ್ರೆ ಮರೆಯೋ ಹಾಗೇ ಇಲ್ಲ. ಗಿಡದಿಂದ ಬರೋ ಊಟದಲ್ಲಿ ಅದನ್ನ ನಂಬಿಕೊಂಡು ಕೂರೋಕೆ ಆಗಲ್ಲ. ಸೈಕಲ್ ತುಳಿದರೂ ಅಷ್ಟೆ, ಮನೆಯಲ್ಲಿ ಕೂತರೂ ಅಷ್ಟೆ, ವೀಗನ್ ಆದವರು ತೆಗೆದುಕೊಳ್ಳಲೇಬೇಕು. ಎಳನೀರಿನ ಬಗ್ಗೆಯೂ ಒಂದು ಮಾತು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ. ಅದಕ್ಕೆ ಎಳನೀರಿಗೆ ಒಂದು ಚಿಟಿಕೆ ಉಪ್ಪು ಉದುರಿಸಿ ಕುಡಿಯುತ್ತಿದ್ದೆ.

ಸೈಕಲ್‌ದು ಸ್ಟೀಲ್ ಫ್ರೇಮು, 35 ಮಿಲಿಮೀಟರ್ ಟೈರು, ಹಿಂದೆ ಎರಡು ಚೀಲ. ಎರಡು ಟ್ಯೂಬು, ಪ್ಯಾಚು, ಪಂಪು. ದೂರ ಹೋಗುವವರು ಎಷ್ಟೋ ಜನ ಚರ್ಮದ ಸೀಟನ್ನೇ ಹಾಕಿಸುತ್ತಾರೆ, ಕೂತು ಕೂತು ಅದು ನಮ್ಮ ಮೈಗೆ ಒಗ್ಗಿಕೊಳ್ಳುತ್ತದೆ. ನನಗೆ ಒಬ್ಬ ಗೆಳೆಯ ಕೊಡಲು ಬಂದಿದ್ದ. ಬೇಡ ಅಂದೆ. ತಟ್ಟೆಯಲ್ಲಿ ಬೇಡ ಅಂದಿದ್ದನ್ನ ಸೀಟಿನ ಮೇಲೆ ಒಪ್ಪಿಕೊಳ್ಳೋದು ನನ್ನಿಂದ ಆಗಲ್ಲ.

ಮೊದಲ ದಿನ ಕ್ಯಾತ್ಸಂದ್ರಕ್ಕೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ತಟ್ಟೆ ಇಡ್ಲಿ ಊರು ಅದು. ಅಂಗೈ ಅಗಲದ ಇಡ್ಲಿ ಹಬೆಯಾಡುತ್ತಾ ಬರುತ್ತದೆ, ಮೇಲೊಂದು ಬೆಣ್ಣೆ ಉಂಡೆ. ನಾನು ಬಾಯಿ ತೆರೆಯೋದರೊಳಗೆ ಬೆಣ್ಣೆ ಕರಗಿ ಇಡ್ಲಿಗೆ ಇಳಿದಿತ್ತು. ಅದನ್ನ ಪಕ್ಕದ ಟೇಬಲ್ಲಿನ ಅಜ್ಜನಿಗೆ ಕೊಟ್ಟು ಮತ್ತೆ ಹೇಳಿದೆ. ಆವತ್ತಿಂದ ಹೇಳೋ ಕ್ರಮ ಬದಲಾಯಿಸಿದೆ. ಮೊದಲು "ಅಣ್ಣಾ, ಬೆಣ್ಣೆ ತುಪ್ಪ ಹಾಕ್ಬೇಡಿ" ಅನ್ನೋದು, ಆಮೇಲೆ ಏನು ಬೇಕು ಅಂತ ಹೇಳೋದು. ವೀಗನ್ ಅನ್ನೋ ಪದ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಗುಬ್ಬಿ, ನಿಟ್ಟೂರಿನ ಹೋಟೆಲ್‌ನಲ್ಲಿ ಅದನ್ನ ಹೇಳಿ ಪ್ರಯೋಜನ ಇಲ್ಲ. ಹಾಲು ಮೊಸರು ತಿನ್ನಲ್ಲ ಅಂದರೆ "ವ್ರತನಾ?" ಅಂತಾರೆ, "ಡಾಕ್ಟ್ರು ಬೇಡ ಅಂದ್ರಾ?" ಅಂತಾರೆ. ಹೌದು ಅಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ, ನಿಜ. ಆದರೆ ನಾನು ಸುಳ್ಳು ಹೇಳಲಿಲ್ಲ. "ಕರು ಕುಡೀಲಿ ಅಂತ ಬಿಟ್ಟೆ" ಅಂದೆ, ಅಷ್ಟೆ. ಹಳ್ಳಿಯವರಿಗೆ ಈ ಮಾತು ತಕ್ಷಣ ಅರ್ಥ ಆಗುತ್ತದೆ. ಒಪ್ಪದೇ ಇರಬಹುದು, ಆದರೆ ಅರ್ಥ ಆಗುತ್ತದೆ.

ತಿಪಟೂರು ದಾಟೋವಾಗ ಎರಡೂ ಕಡೆ ತೆಂಗಿನ ತೋಟ. ಕೊಬ್ಬರಿಗೆ ಹೆಸರಾದ ಊರು. ಅಲ್ಲೇ ಕಾಲು ಕೇಜಿ ಕೊಬ್ಬರಿ ತಗೊಂಡೆ. ಅರಸೀಕೆರೆಯಲ್ಲಿ ಹೊಯ್ಸಳರ ಕಾಲದ ಈಶ್ವರ ದೇವಸ್ಥಾನ ನೋಡಿದೆ, ನಕ್ಷತ್ರದ ಆಕಾರದ ಅದರ ಮಂಟಪದಲ್ಲಿ ಸಂಜೆ ಒಂದು ಗಂಟೆ ಸುಮ್ನೆ ಕೂತಿದ್ದೆ.

ಮೂರನೇ ದಿನ ತಪ್ಪು ಮಾಡಿದೆ. ಬಾಣಾವರದಲ್ಲಿ ತಿಂಡಿ ತಿಂದರಾಯ್ತು ಅಂತ ಖಾಲಿ ಹೊಟ್ಟೆಯಲ್ಲೇ ಹೊರಟೆ. ನಾನು ನೆಚ್ಚಿಕೊಂಡಿದ್ದ ಹೋಟೆಲ್ ಆವತ್ತು ಬೀಗ ಹಾಕಿತ್ತು. ಮುಂದೆ ಸಿಗುತ್ತೆ, ಮುಂದೆ ಸಿಗುತ್ತೆ ಅಂತ ತುಳಿದೆ. ಹುರಿಹಿಟ್ಟು ಚೀಲದ ತಳದಲ್ಲಿತ್ತು, ನಿಲ್ಲೋಕೆ ಸೋಮಾರಿತನ. ಹತ್ತೂವರೆಗೆ ಕೈ ನಡುಗೋಕೆ ಶುರುವಾಯ್ತು. ರಸ್ತೆಯ ಬಿಳಿ ಗೆರೆ ಎರಡೆರಡಾಗಿ ಕಂಡಿತು. ಒಂದು ಹುಣಸೆ ಮರದ ಕೆಳಗೆ ಸೈಕಲ್ ಒರಗಿಸಿ ಕೂತೆ. ಬೆಲ್ಲದ ಅಚ್ಚು ತೆಗೆಯೋಣ ಅಂದರೆ ಚೀಲದ ಬಕಲ್ ಬಿಚ್ಚೋಕೂ ಬೆರಳಿಗೆ ಬಲ ಇಲ್ಲ. ಹಲ್ಲಲ್ಲಿ ಕಚ್ಚಿ ಬಿಚ್ಚಿದೆ.

ಎದುರಿನ ತೋಟದಿಂದ ಒಬ್ಬ ಅಜ್ಜಿ ಬಂದರು. "ಯಾಕವ್ವ, ತಲೆ ಸುತ್ತಾ? ಒಬ್ಳೇ ಬಂದಿದ್ದೀಯಾ?" ಅಂತ ಕೇಳುತ್ತಲೇ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದರು. ಉಪ್ಪು, ಹಸಿಮೆಣಸು, ಕೊತ್ತಂಬರಿ ಜಜ್ಜಿ ಹಾಕಿದ್ದು. ಚೊಂಬಿನ ಹೊರಗೆಲ್ಲ ತಣ್ಣನೆ ನೀರ ಹನಿ. ಆರು ವರ್ಷದಲ್ಲಿ ಬೇಡ ಅನ್ನೋದು ಅಷ್ಟು ಕಷ್ಟ ಆಗಿದ್ದು ಅದೇ ಮೊದಲು. "ಅಜ್ಜಿ, ನಾನು ಹಾಲು ಮಜ್ಜಿಗೆ ಬಿಟ್ಟಿದ್ದೀನಿ, ಕರು ಕುಡೀಲಿ ಅಂತ. ಬೇಜಾರು ಮಾಡ್ಕೋಬೇಡಿ" ಅಂದೆ. ಅವರು ನನ್ನ ಮುಖ ನೋಡಿದರು, ಕೊಟ್ಟಿಗೆ ಕಡೆ ನೋಡಿದರು. ಚೊಂಬು ಕೆಳಗಿಟ್ಟರು. "ನಮ್ ಕರೀಗೂ ಮೂರು ಕರ ಹೋದ್ವು" ಅಂದರು. ಬೇರೇನೂ ಹೇಳಲಿಲ್ಲ. "ಬಾ, ಮುದ್ದೆ ಮಾಡಿದ್ದೀನಿ."

ಬಿಸಿ ಮುದ್ದೆ, ಹುರುಳಿಕಾಳು ಸಾರು. ಮುದ್ದೆ ನಡುವೆ ಗುಳಿ ಮಾಡಿ ತುಪ್ಪ ಬಿಡೋಕೆ ಕೈ ಎತ್ತಿದವರು ತಾವೇ ನೆನಪು ಮಾಡಿಕೊಂಡು ಮಿಳ್ಳೆ ಪಕ್ಕಕ್ಕಿಟ್ಟು, ಆ ಗುಳಿಗೆ ಸಾರನ್ನೇ ಬಿಟ್ಟರು. ಎರಡು ಮುದ್ದೆ ನುಂಗಿದೆ. ದುಡ್ಡು ಕೊಡೋಕೆ ಹೋದರೆ ಬೈದರು. ಹೊರಡುವಾಗ ಸೆರಗಿನಲ್ಲಿ ತಂದ ಕಡಲೆಕಾಯಿಯನ್ನ ನನ್ನ ಹ್ಯಾಂಡಲ್ ಚೀಲಕ್ಕೆ ಸುರಿದರು. ಆಮೇಲೆ ಎಂಟು ದಿನ ಮುಗಿಯೋವರೆಗೂ ತಿನ್ನೋದನ್ನ ಕೈಗೆ ಸಿಗೋ ಆ ಚೀಲದಲ್ಲೇ ಇಟ್ಟೆ, ಗಂಟೆಗೊಮ್ಮೆ ಹಸಿವಿರಲಿ ಬಿಡಲಿ ಏನಾದರೂ ಬಾಯಿಗೆ ಹಾಕಿಕೊಂಡೆ.

ಭದ್ರಾವತಿ, ಶಿವಮೊಗ್ಗ ಬೇಗ ಕಳೆದವು. ಆಯನೂರು ದಾಟಿದ ಮೇಲೆ ರಸ್ತೆಗೆ ನೆರಳು ಬಂತು, ಏರಿಳಿತ ಬಂತು, ಅಂಗಡಿ ಕಡಿಮೆಯಾದವು. ಸಾಗರದಲ್ಲಿ ಊಟಕ್ಕೆ ಕೂತರೆ ಮೊದಲು ಬಂದಿದ್ದೇ ತಂಬುಳಿ, ಅದಕ್ಕೆ ಮಜ್ಜಿಗೆ. ಬಡಿಸುವವರು ಒಳಗೆ ಹೋಗಿ ಕೇಳಿಕೊಂಡು ಬಂದು, "ಅಪ್ಪೆಹುಳಿ ಇದೆ, ಅದಕ್ಕೆ ಎಂತದೂ ಹಾಕಲ್ಲ, ಬರೀ ಮಾವಿನಕಾಯಿ" ಅಂದರು. ಮೂರು ಲೋಟ ಕುಡಿದೆ. ಹುಳಿ, ಖಾರ, ಉಪ್ಪು, ಇಂಗಿನ ಒಗ್ಗರಣೆ. ಬೆವರು ಹರಿಸಿ ಬಂದ ಮೈಗೆ ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯ ಪುಡಿಯಲ್ಲೂ ಸಿಗಲ್ಲ.

ತಾಳಗುಪ್ಪದ ಕಡೆ ಹೋಗುವಾಗ ರಸ್ತೆ ಬದಿಯಲ್ಲಿ ಹೊಗೆ ಕಂಡಿತು. ಆಲೆಮನೆ. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿತ್ತು, ಹತ್ತಿರ ಹೋದರೆ ಆ ವಾಸನೆಗೇ ಹಸಿವಾಗುತ್ತದೆ. "ಬನ್ನಿ ಬನ್ನಿ, ಹಾಲು ಕುಡೀರಿ" ಅಂದರು ಅಲ್ಲಿದ್ದವರು. ಕಬ್ಬಿನ ಹಾಲು! ನಮ್ಮ ಭಾಷೆಯಲ್ಲಿ ಕಬ್ಬಿನದೂ ಹಾಲೇ, ತೆಂಗಿನಕಾಯಿಯದೂ ಹಾಲೇ. ಎಷ್ಟೋ ದಿನದ ಮೇಲೆ ಯಾರೋ ಕೊಟ್ಟ ಹಾಲನ್ನ ಒಂದೂ ಮಾತಾಡದೆ ಎರಡೂ ಕೈಯಲ್ಲಿ ಇಸಕೊಂಡು ಕುಡಿದೆ. ಒಂದು ಸಣ್ಣ ಬಾಟಲಿ ಜೋನಿ ಬೆಲ್ಲವನ್ನೂ ಕೊಂಡೆ. ಮುಂದಿನ ದೋಸೆಗಳಿಗೆಲ್ಲ ಅದೇ.

ಜೋಗ ಫೆಬ್ರವರಿಯಲ್ಲಿ ಸಣ್ಣಗಿತ್ತು. 253 ಮೀಟರ್ ಕಲ್ಲಿನ ಗೋಡೆ ಮೇಲೆ ನೀರು ದಾರದ ಎಳೆಯ ಹಾಗೆ. ಮಳೆಗಾಲದ ಜೋಗ ಬೇಕು ಅಂದರೆ ಆಗ ಬನ್ನಿ, ಆದರೆ ಆ ಮಳೆಯಲ್ಲಿ ಘಟ್ಟ ಇಳಿಯೋಕೆ ನಾನಂತೂ ಸೈಕಲ್ ತರಲ್ಲ. ಮಾವಿನಗುಂಡಿ ದಾಟಿ ಗೇರುಸೊಪ್ಪೆ ಕಡೆ ಇಳಿಯೋ ದಾರಿ ದಟ್ಟ ಕಾಡು. ಎರಡು ಬ್ರೇಕನ್ನೂ ಬದಲಿಸಿ ಬದಲಿಸಿ ಹಿಡಿದು, ನಡುನಡುವೆ ನಿಂತು ರಿಮ್ ಆರಲು ಬಿಟ್ಟು ಇಳಿದೆ. ಒಂದು ತಿರುವಿನಲ್ಲಿ ಮರದ ಮೇಲೆ ಸಿಂಗಳೀಕಗಳು, ಮುಖದ ಸುತ್ತ ಬೂದು ಕೇಸರ. ಸದ್ದು ಮಾಡದೆ ನಿಂತಿದ್ದೆ, ಅವು ತಿನ್ನೋದು ಮುಗಿಸಿ ಹೋಗೋವರೆಗೂ. ಕೆಳಗೆ ಗೇರುಸೊಪ್ಪೆ. ರಾಣಿ ಚೆನ್ನಭೈರಾದೇವಿ ಆಳಿದ ಸೀಮೆ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದಿದ್ದು ಅವಳನ್ನೇ. ಅಲ್ಲಿಂದ ಹೊನ್ನಾವರದವರೆಗೆ ಶರಾವತಿ ಜೊತೆಜೊತೆಗೇ ಬರುತ್ತಾಳೆ. ಗಾಳಿ ಬದಲಾಗುತ್ತದೆ, ಮೈ ಅಂಟಂಟು.

ಕೊನೆಯ ದಿನ ಹೆದ್ದಾರಿಯಲ್ಲೇ ಹೋಗಿದ್ದರೆ ಬೇಗ ಮುಗಿಯುತ್ತಿತ್ತು. ನಾನು ಕುಮಟಾದಿಂದ ಬಾಡ, ಕಾಗಾಲದ ಮೇಲೆ ಅಘನಾಶಿನಿ ಊರಿಗೆ ಹೋಗಿ, ಸೈಕಲನ್ನ ದೋಣಿಗೆ ಹತ್ತಿಸಿಕೊಂಡು ಆಚೆ ದಡದ ತದಡಿಗೆ ದಾಟಿದೆ. ಹೊಳೆ ಸಮುದ್ರ ಸೇರೋ ಜಾಗ ಅದು. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯೋ ಗಜನಿ ಗದ್ದೆಗಳಿರೋದು ಈ ಹೊಳೆಯ ಅಂಚಿನಲ್ಲೇ. ಉಪ್ಪುನೀರು ನುಗ್ಗಿದರೂ ಸಾಯದ ಭತ್ತ ಅದು. ದೋಣಿಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಅಕ್ಕ ಸೈಕಲ್ ಬೀಳದ ಹಾಗೆ ಹಿಡಿದುಕೊಂಡು, "ಎಲ್ಲಿಂದ ಬಂದದ್ದು?" ಅಂತ ಕೇಳಿದರು. ಬೆಂಗಳೂರು ಅಂದೆ. "ಬಸ್ಸಿಲ್ವಾ ಅಲ್ಲಿ?" ಅಂದರು, ನಿಜವಾಗಿ ಕಾಳಜಿಯಿಂದ.

ಅಲ್ಲಿಂದ ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನ ನೋಡೋಕೆ ನಿಂತೆ. ಚೌಕ ಚೌಕ ಮಡಿಗಳಲ್ಲಿ ನೀರು, ಬದುವಿನ ಮೇಲೆ ಬಿಳಿ ರಾಶಿ. ಮನೆಯಿಂದ ತಂದಿದ್ದ ಉಪ್ಪಿನ ಡಬ್ಬಿ ಖಾಲಿಯಾಗಿತ್ತು, ಅಲ್ಲೇ ಹತ್ತಿರದ ಅಂಗಡಿಯಲ್ಲಿ ಕಲ್ಲುಪ್ಪು ಕೊಂಡು ತುಂಬಿಸಿಕೊಂಡೆ. ಗೋಕರ್ಣ ಸೇರಿದಾಗ ಎರಡು ಗಂಟೆ. ಒಂದು ಸಣ್ಣ ಖಾನಾವಳಿಯಲ್ಲಿ ಕುಸಲಕ್ಕಿ ಗಂಜಿ ಇದೆಯಾ ಅಂತ ಕೇಳಿದೆ, ತುಪ್ಪ ಬೇಡ ಅಂತ ಮೊದಲೇ ಹೇಳಿದೆ. ದಪ್ಪ ಕೆಂಪು ಅಗುಳು, ಬಿಸಿ ತಿಳಿ, ಪಕ್ಕದಲ್ಲಿ ಒಂದು ಅಪ್ಪೆಮಿಡಿ ಉಪ್ಪಿನಕಾಯಿ. ನನ್ನ ಡಬ್ಬಿಯಿಂದ ಎರಡು ಹರಳು ಉಪ್ಪು ಹಾಕಿ ಕಲಸಿದೆ. ಬಟ್ಟಲು ಬರಿದಾಗೋದನ್ನೇ ನೋಡುತ್ತಿದ್ದ ಖಾನಾವಳಿಯ ಅಮ್ಮ ಕೇಳದೆಯೇ ಇನ್ನೊಂದು ಸೌಟು ಸುರಿದರು.