ಕಾಪಿರೈಟಿಗೆ ಸಣ್ಣ ಕೋರ್ಟು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

‘ಅಮೆರಿಕದಲ್ಲಿ ಕಾಪಿರೈಟ್ ವ್ಯಾಜ್ಯಗಳಿಗೆಂದೇ ಸಣ್ಣದೊಂದು ನ್ಯಾಯಮಂಡಳಿ ಇದೆಯಂತಲ್ಲ ಮೇಡಂ, ಅದು ಚೆನ್ನಾಗಿ ನಡೆಯುತ್ತದೆಯೇ, ನಮ್ಮಲ್ಲೇಕೆ ಇಲ್ಲ?’ ಎಂದು ಬೆಂಗಳೂರಿನ ಛಾಯಾಗ್ರಾಹಕರೂ ಚಿತ್ರಕಲಾವಿದರೂ ಕೇಳುತ್ತಲೇ ಇರುತ್ತಾರೆ. ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಉತ್ತರಿಸಿ ಸಾಕಾಗಿದೆ. ಎದುರಾಳಿ ಬರಲು ಒಪ್ಪಿದರೆ ಅದು ನಡೆಯುತ್ತದೆ, ಒಪ್ಪದಿದ್ದರೆ ಇಲ್ಲ.

2022ರ ಜೂನ್‌ನಲ್ಲಿ ಕೆಲಸ ಆರಂಭಿಸಿದ ಆ ಕಾಪಿರೈಟ್ ಕ್ಲೇಮ್ಸ್ ಬೋರ್ಡಿನಲ್ಲಿ ಮೂವರು ಅಧಿಕಾರಿಗಳಿದ್ದಾರೆ. ವಕೀಲರಿಲ್ಲದೆ ಆನ್‌ಲೈನಿನಲ್ಲಿಯೇ ದೂರು ಕೊಡಬಹುದು. ಶುಲ್ಕ ಎರಡು ಕಂತಿನಲ್ಲಿ 100 ಡಾಲರ್, ಪರಿಹಾರದ ಮಿತಿ 30,000 ಡಾಲರ್. ಆದರೆ ನೋಟಿಸು ತಲುಪಿದ 60 ದಿನಗಳೊಳಗೆ ಎದುರಾಳಿ ‘ನನಗೆ ಈ ಮಂಡಳಿ ಬೇಡ’ ಎಂದು ತಿಳಿಸಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಜೂರಿ ಎಂಬ ಸಾಮಾನ್ಯ ನಾಗರಿಕರ ತಂಡದ ಮುಂದೆ ವಿಚಾರಣೆ ಕೇಳುವ ಹಕ್ಕನ್ನು ಆ ದೇಶದ ಸಂವಿಧಾನವೇ ಕೊಟ್ಟಿರುವುದರಿಂದ ಈ ಬಾಗಿಲನ್ನು ಮುಚ್ಚುವುದು ಅವರಿಗೆ ಸುಲಭವಲ್ಲ. 2012ರಲ್ಲಿ ಇಂಗ್ಲೆಂಡ್ ತೆರೆದ ಸಣ್ಣ ಮೊತ್ತದ ವಿಭಾಗದಲ್ಲಿ, ಅಂದರೆ ಈಗ 10,000 ಪೌಂಡ್‌ವರೆಗಿನ ದಾವೆಗಳಲ್ಲಿ, ಪ್ರತಿವಾದಿ ಹೀಗೆ ನುಣುಚಿಕೊಳ್ಳುವಂತಿಲ್ಲ. ಮಾದರಿ ಬೇಕೆನ್ನುವವರಿಗೆ ನಾನು ತೋರಿಸುವುದು ಅದನ್ನೇ.

ನನಗೆ ಸಿಟ್ಟು ತರಿಸುವುದು ‘ಸಣ್ಣ ಕೇಸು ತಾನೇ?’ ಎಂಬ ಮಾತು. ಕರಗದ ರಾತ್ರಿ ತೆಗೆದ ತನ್ನ ಚಿತ್ರವನ್ನು ನಿವೇಶನ ಮಾರುವ ಸಂಸ್ಥೆಯೊಂದು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿದೆಯೆಂದು ಹುಡುಗನೊಬ್ಬ ಬಂದಿದ್ದ. ಮೂಲೆಯಲ್ಲಿದ್ದ ಅವನ ಹೆಸರನ್ನು ಕತ್ತರಿಸಿ, ಆ ಜಾಗದಲ್ಲಿ ತಮ್ಮ ಫೋನ್ ನಂಬರು ಹಾಕಿದ್ದರು. ಅವನ ಬಳಿ ಮೂಲ ರಾ ಫೈಲು, ಅಂದರೆ ಕ್ಯಾಮೆರಾ ದಾಖಲಿಸಿದ ತಿದ್ದದ ಪ್ರತಿ, ಇದ್ದುದರಿಂದ ಚಿತ್ರ ಯಾರದೆಂಬ ವಾದವೇ ಏಳಲಿಲ್ಲ. ‘ಇಂಥ ಚಿತ್ರಕ್ಕೆ ಹಿಂದೆ ಎಷ್ಟು ತೆಗೆದುಕೊಂಡಿದ್ದೀರಿ?’ ಎಂದು ಅವರ ವಕೀಲರು ಕೇಳಿದಾಗ ಹುಡುಗ ನನ್ನ ಮುಖ ನೋಡಿದ. ಕೊಟ್ಟಷ್ಟು ಇಸಿದುಕೊಂಡು ಬಂದವನ ಬಳಿ ಒಂದು ಬಿಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಆ ಚಿತ್ರಕ್ಕೆ ಸಲ್ಲಬೇಕಾದುದಕ್ಕಿಂತ ಬಹಳ ಕಡಿಮೆ.

ಅಮೆರಿಕದಲ್ಲಿರುವಂತೆ ಇಷ್ಟರಿಂದ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಪರಿಹಾರ ನಮ್ಮ 1957ರ ಕಾಯಿದೆಯಲ್ಲಿಲ್ಲ. ನಿಮಗಾದ ನಷ್ಟವನ್ನೋ ಅವರು ಮಾಡಿಕೊಂಡ ಲಾಭವನ್ನೋ ನೀವೇ ತೋರಿಸಬೇಕು. ಮೊತ್ತ ಎಷ್ಟೇ ಚಿಕ್ಕದಿರಲಿ, 62ನೇ ಸೆಕ್ಷನ್ನಿನ ಪ್ರಕಾರ ದಾವೆ ಹೂಡಬೇಕಾದದ್ದು ಜಿಲ್ಲಾ ನ್ಯಾಯಾಲಯದಲ್ಲಿ, ಆದ್ದರಿಂದ ಸಣ್ಣ ಮೊತ್ತದ ದಾವೆಗಳಿಗಿರುವ ನಮ್ಮ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುವಂತಿಲ್ಲ. ನೀವಿರುವ ಊರಿನಲ್ಲಿಯೇ ದಾವೆ ಹೂಡಬಹುದೆಂಬುದು ಅದೇ ಸೆಕ್ಷನ್ನಿನ ದೊಡ್ಡ ಉಪಕಾರ. ವಾಣಿಜ್ಯ ನ್ಯಾಯಾಲಯದ ವ್ಯಾಪ್ತಿಗೆ ಬರುವ, ಅಂದರೆ 3 ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ದಾವೆಯಲ್ಲಿ ತುರ್ತು ತಡೆಯಾಜ್ಞೆ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅಲ್ಲಿಯೂ ಮೊದಲು ಕೇಳುವುದು ಬೆಲೆಯನ್ನೇ.

ಹಾಗಾಗಿ, ಚಿತ್ರ ಕೊಡುವ ಮೊದಲು ಏನು ಬರೆದಿಟ್ಟುಕೊಳ್ಳಬೇಕೆಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ. ಯಾವ ಬಳಕೆಗೆ, ಎಷ್ಟು ಕಾಲಕ್ಕೆ, ಎಷ್ಟು ಹಣಕ್ಕೆ ಎಂಬ ಮೂರನ್ನೂ ಬಿಲ್ಲಿನಲ್ಲಿ ಬರೆಯಿರಿ. ಗೆಳೆಯನಿಗೆ ಪುಕ್ಕಟೆ ಕೊಟ್ಟರೂ ಬೆಲೆ ನಮೂದಿಸಿ, ‘ಈ ಬಾರಿ ಬಿಟ್ಟುಕೊಟ್ಟಿದ್ದೇನೆ’ ಎಂದು ಸೇರಿಸಿ. ಚಿತ್ರ ಆನ್‌ಲೈನ್ ವೇದಿಕೆಯಲ್ಲಿ ಕಂಡರೆ ಅವರಿಗೆ ಲಿಖಿತ ದೂರು ಕೊಡಿ. ದೂರು ಸರಿಯೆನಿಸಿದರೆ ಅವರು 36 ಗಂಟೆಗಳೊಳಗೆ ತಡೆಹಿಡಿಯಬೇಕೆಂದು 2013ರ ನಿಯಮ ಹೇಳುತ್ತದೆ. ಆ ತಡೆ ಉಳಿಯುವುದು 21 ದಿನ ಮಾತ್ರ, ಅಷ್ಟರಲ್ಲಿ ಕೋರ್ಟಿನ ಆದೇಶ ತರಬೇಕು. ಬಿಲ್ಲುಗಳ ಫೈಲು ಹಿಡಿದು ಮೊದಲ ವಾರದಲ್ಲಿಯೇ ಬನ್ನಿ.