ರಾತ್ರಿ ಎಲ್ಲಿ ನಿಲ್ಲಿಸ್ತೀರಾ?

ರಜೆಗೆ ಊರಿಗೆ ಬಂದಾಗಲೆಲ್ಲ ಯಾರದ್ದಾದರೂ ಮದುವೆ ಇದ್ದೇ ಇರುತ್ತದೆ. ವಿರಾಜಪೇಟೆಯ ಯಾವುದೋ ಮಂಟಪದಲ್ಲಿ ಕಡಂಬುಟ್ಟು, ಪಂದಿ ಕರಿ ಹಾಕಿಸಿಕೊಂಡು ಕೂರಲು ಜಾಗ ಹುಡುಕುತ್ತಿರುವಾಗ ಒಬ್ಬ ಮಾವ ಹೆಗಲ ಮೇಲೆ ಕೈ ಇಡುತ್ತಾರೆ. "ನೀನು ಹಾಯಿದೋಣಿಯಲ್ಲಿ ಸಮುದ್ರ ದಾಟ್ತೀಯಂತೆ. ಅಲ್ಲ ಮಾರಾಯ, ರಾತ್ರಿ ಎಲ್ಲಿ ನಿಲ್ಲಿಸ್ತೀರಾ?"

ಸಂಬಳ ಎಷ್ಟು ಅನ್ನುವುದು ಎರಡನೇ ಪ್ರಶ್ನೆ. ಅದನ್ನು ಬೇಗ ಮುಗಿಸಿಬಿಡುತ್ತೇನೆ: ಡೆಕ್‌ಹ್ಯಾಂಡ್, ಅಂದರೆ ದೋಣಿಯ ಕೆಳಹಂತದ ಕೆಲಸಗಾರನಾಗಿ ಸೇರಿದವರಿಗೆ ತಿಂಗಳಿಗೆ 2,500 ಯೂರೋ ಆಸುಪಾಸು, ಊಟ ಮತ್ತು ಮಲಗಲು ಒಂದು ಬಂಕು. ಅದರಲ್ಲಿ ಮುಕ್ಕಾಲು ಪಾಲು ಕೆಲಸ ತೊಳೆಯುವುದು, ಒರೆಸುವುದು, ಉಜ್ಜುವುದು. ಫ್ರಾನ್ಸಿನ ಆಂಟೀಬ್ ಬಂದರಿನಲ್ಲಿ ಬೆಳಿಗ್ಗೆ ಏಳಕ್ಕೆ ಬಯೋಡೇಟಾ ಹಿಡಿದು ಒಂದು ಯಾಟಿನಿಂದ (ಶ್ರೀಮಂತರ ವಿಹಾರದೋಣಿ) ಇನ್ನೊಂದಕ್ಕೆ ಅಲೆದವನು ನಾನು. ನಮ್ಮ ಪಾಸ್‌ಪೋರ್ಟಿಗೆ ಯೂರೋಪಿನ ಷೆಂಗೆನ್ ವೀಸಾ ಅಂದರೆ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ಕೆಲಸ ಹುಡುಕುವಾಗ ಆ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಅದು ಬೇರೆಯೇ ಪುರಾಣ, ಇನ್ನೊಂದು ದಿನ ಬರೆಯುತ್ತೇನೆ.

ಮೊದಮೊದಲು ಮಾವನ ಪ್ರಶ್ನೆಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಘಾಟಿ ಇಳಿಯಬೇಡ ಅನ್ನುವ ಊರಿನಲ್ಲಿ ಬೆಳೆದವರು ಇನ್ನೇನು ಕೇಳಬೇಕು?

ಉತ್ತರ: ಎಲ್ಲೂ ನಿಲ್ಲಿಸುವುದಿಲ್ಲ. ನಿಲ್ಲಿಸೋಣ ಅಂದರೂ ಆಗುವುದಿಲ್ಲ. ಲಂಗರು ದೋಣಿಯನ್ನು ಹಿಡಿದಿಡುವುದು ತನ್ನ ತೂಕದಿಂದಲ್ಲ. ಉದ್ದಕ್ಕೆ ಬಿಟ್ಟ ಸರಪಳಿ ತಳದ ಮೇಲೆ ಮಲಗಿ ಅಡ್ಡಲಾಗಿ ಎಳೆದಾಗ ಲಂಗರಿನ ಮೊನೆ ಮರಳಿನಲ್ಲಿ ಹೂತುಕೊಳ್ಳುತ್ತದೆ. ಅದಕ್ಕೇ ಆಳದ ನಾಲ್ಕೈದು ಪಟ್ಟು ಸರಪಳಿ ಬಿಡಬೇಕು. 10 ಮೀಟರ್ ನೀರಿಗೆ 50 ಮೀಟರ್ ಸರಪಳಿ. ನಮ್ಮ ದೋಣಿಯಲ್ಲಿ ಇದ್ದದ್ದೇ 80 ಮೀಟರ್. ಅಟ್ಲಾಂಟಿಕ್ ಎಷ್ಟೋ ಕಡೆ ನಾಲ್ಕೈದು ಸಾವಿರ ಮೀಟರ್ ಆಳ.

ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ದೋಣಿ ಹೋಗುವುದು ಆರು ನಾಟ್ ವೇಗದಲ್ಲಿ, ಗಂಟೆಗೆ 11 ಕಿಲೋಮೀಟರ್. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗ ನಮ್ಮನ್ನು ಹಿಂದೆ ಹಾಕಿಯಾನು. ಆದರೆ ಹಗಲೂ ರಾತ್ರಿಯೂ ಓಡುವುದರಿಂದ ಹತ್ತೊಂಬತ್ತು ದಿನಗಳಲ್ಲಿ ಆಚೆ ದಡ. ಹೊರಡುವುದು ನವೆಂಬರ್ ಕೊನೆಗೆ, ಆ ಕಡೆಯ ಚಂಡಮಾರುತಗಳ ಕಾಲ ಮುಗಿಯುವಾಗ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯೂ ಅದೇ ಹೊತ್ತಿಗೆ ಬರುತ್ತದೆ. ಕದಿರು ತೆಗೆಯುವಾಗ ನಾನು ಮನೆಯಲ್ಲಿದ್ದು ಎಂಟು ವರ್ಷವಾಯಿತು.

ನಾಲ್ಕು ಜನರಿದ್ದರೆ ಮೂರು ಗಂಟೆಗೊಬ್ಬರಂತೆ ಕಾವಲು. ಉಳಿದ ಮೂವರು ನಿದ್ದೆ. ಚುಕ್ಕಾಣಿಯನ್ನು ಆಟೊಪೈಲಟ್ ನೋಡಿಕೊಳ್ಳುತ್ತದೆ, ಹಡಗುಗಳನ್ನು ನೋಡುವುದು ಮಾತ್ರ ಮನುಷ್ಯನ ಕೆಲಸ. ದಿಗಂತದಲ್ಲಿ ಕಂಡ ದೊಡ್ಡ ಹಡಗು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ನಮ್ಮ ಮೇಲೇ ಇರಬಹುದು. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಕೆಂಪೊಂದೇ ಕಂಡರೆ ಅದರ ಎಡ ಮಗ್ಗುಲು ನಮ್ಮ ಕಡೆಗಿದೆ, ಹಸಿರೊಂದೇ ಕಂಡರೆ ಬಲ. ಎರಡೂ ಒಟ್ಟಿಗೆ ಕಂಡರೆ ನೆಟ್ಟಗೆ ನಮ್ಮತ್ತಲೇ ಬರುತ್ತಿದೆ ಅಂತ ಅರ್ಥ. ಆಗ ಮಲಗಿದವರನ್ನು ಎಬ್ಬಿಸಲು ಸಂಕೋಚ ಪಡಬಾರದು.

ಈ ಕಾವಲು ನನಗೆ ಹೊಸದಾಗಿರಲಿಲ್ಲ. ಅಮ್ಮತ್ತಿಯ ಹತ್ತಿರ ನಮ್ಮ ಗದ್ದೆ. ಭತ್ತ ಹಾಲುಗಟ್ಟಿದರೆ ಕಾಡುಹಂದಿ, ಒಮ್ಮೊಮ್ಮೆ ಆನೆ. ಅಪ್ಪ ಗದ್ದೆಯ ನಡುವೆ ಅಟ್ಟಣೆ ಕಟ್ಟುತ್ತಿದ್ದರು. ಆಚೆ ಬದುವಿನ ಮರಕ್ಕೆ ಕಲ್ಲು ತುಂಬಿದ ಸೀಮೆಎಣ್ಣೆ ಡಬ್ಬ ತೂಗುಹಾಕಿ, ಅದರ ಹಗ್ಗ ಅಟ್ಟಣೆಯವರೆಗೆ. ಹಗ್ಗ ಎಳೆಯುವುದು ನನ್ನ ಕೆಲಸ. ಡಬ್ಬ ಲೊಟಲೊಟ ಅನ್ನುತ್ತಿರುವಷ್ಟು ಹೊತ್ತು ಅಪ್ಪ ಗೊರಕೆ ಹೊಡೆಯುತ್ತಿದ್ದರು. ಸದ್ದು ನಿಂತರೆ ತಟ್ಟನೆ ಎದ್ದು ಕೂರುತ್ತಿದ್ದರು.

ದೋಣಿಯಲ್ಲಿ ಡಬ್ಬದ ಜಾಗದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಕೂಗುವ ಟೈಮರ್. ಮೊದಲ ಸಲ ಅಟ್ಲಾಂಟಿಕ್ ದಾಟುವಾಗ, ಹನ್ನೊಂದನೇ ರಾತ್ರಿ, ಮಲಗಿದವರಿಗೆ ಕಿರಿಕಿರಿಯಾಗದಿರಲಿ ಅಂತ ನಾನೇ ದೊಡ್ಡ ಮನಸ್ಸು ಮಾಡಿ ಅದನ್ನು ಆರಿಸಿದೆ. ಎಚ್ಚರವಾದದ್ದು ಕೆನ್ನೆಗೆ ತಣ್ಣನೆ ಗಾಳಿ ಬಡಿದಾಗ. ಹಿಂದೆ ತಿರುಗಿದರೆ ಪೂರ್ವದ ಅರ್ಧ ಆಕಾಶದಲ್ಲಿ ನಕ್ಷತ್ರಗಳೇ ಇಲ್ಲ. ಮಳೆಗಾಳಿಯ ಮೋಡ ಮೇಲೆ ಬಂದಾಗಿತ್ತು, ನಮ್ಮ ದೊಡ್ಡ ಹಾಯಿ ಪೂರ್ತಿ ಬಿಚ್ಚಿತ್ತು. ದೋಣಿ ಮಗ್ಗುಲಾಯಿತು, ಅಡುಗೆಮನೆಯ ಪಾತ್ರೆಗಳೆಲ್ಲ ನೆಲಕ್ಕೆ. ಕ್ಯಾಪ್ಟನ್ ಬರಿಗಾಲಲ್ಲಿ ಓಡಿ ಬಂದರು. ಇಬ್ಬರೂ ಸೇರಿ ಹಾಯಿಯನ್ನು ಅರ್ಧಕ್ಕೆ ಇಳಿಸಿ ಕಟ್ಟುವಷ್ಟರಲ್ಲಿ ನನ್ನ ಅಂಗೈ ಸುಲಿದಿತ್ತು.

ಕ್ಯಾಪ್ಟನ್ ಆಕೆ, ಬೈಯಲಿಲ್ಲ. ಲಾಗ್‌ಬುಕ್ ತೆರೆದು ಬರೆದರು: 3.40, ಗಾಳಿ 32 ನಾಟ್, ಕಾವಲಿನವನು ನಿದ್ದೆಯಲ್ಲಿದ್ದ. ಕೆಳಗೆ ಸಹಿ ಹಾಕು ಅಂತ ಪೆನ್ನು ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇಷ್ಟು ಹೇಳಿದ ಮೇಲೆ ಮಾವ ಮುಂದಿನದ್ದು ಕೇಳುತ್ತಾರೆ: "ಹಾಗಾದ್ರೆ ಒಬ್ಬನೇ ಹೋಗುವವನು?" ಆಗ ನಾನು ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿಯವರ ಕಥೆ ಹೇಳುತ್ತೇನೆ. ಗೋವಾದಲ್ಲೇ ಕಟ್ಟಿದ 'ಮಾದೇಯಿ' ದೋಣಿಯಲ್ಲಿ 2012ರ ನವೆಂಬರ್ 1ರಂದು ಮುಂಬೈನಿಂದ ಒಬ್ಬರೇ ಹೊರಟು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ, 2013ರ ಮಾರ್ಚ್ 31ಕ್ಕೆ ವಾಪಸ್. ಏಕಾಂಗಿಗಳು ಮಲಗುವುದು ತುಂಡು ತುಂಡಾಗಿ; ಹಡಗು ಓಡಾಡುವ ಕಡೆ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಒಬ್ಬೊಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ, 2018ರಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿಯ ಹಾಯಿ ಕಟ್ಟುವ ಕೂವೆಮರ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ, ಅಲ್ಲಾಡಲಾಗದೆ ಬಿದ್ದಿದ್ದವರನ್ನು ಫ್ರೆಂಚ್ ಮೀನುಗಾರಿಕಾ ಗಸ್ತು ಹಡಗೊಂದು ಬಂದು ಎತ್ತಿಕೊಂಡಿತು. ಅದೇ ರೇಸಿಗೆ 2022ರಲ್ಲಿ ಮತ್ತೆ ಹೋಗಿ, 236 ದಿನ ಓಡಿಸಿ, ಎರಡನೆಯವರಾಗಿ ಬಂದರು. ಬೆನ್ನಿಗೆ ಲೋಹ ಹಾಕಿಸಿಕೊಂಡ ಮನುಷ್ಯ ಮತ್ತೆ ಯಾಕೆ ಹೋದ ಅಂತ ಮಾವ ಕೇಳಿದರೆ ನಾನು ಪಂದಿ ಕರಿಯ ಕಡೆ ನೋಡುತ್ತೇನೆ.

"ನಮ್ಮ ಕೇಳಪಂಡ ಗಣಪತಿಯೂ ಟೋಕಿಯೊ ಒಲಿಂಪಿಕ್ಸಿಗೆ ಹೋಗಿದ್ದನಲ್ಲ, ಅವನೂ ರಾತ್ರಿಯೆಲ್ಲ ನೀರಲ್ಲೇ ಇರ್ತಾನಾ?" ಇದು ಪಕ್ಕದಲ್ಲಿ ಕೂತ ಅತ್ತೆಯದ್ದು. ಇಲ್ಲ ಅತ್ತೆ. ಅವರದ್ದು ಐದು ಮೀಟರಿನ, ಇಬ್ಬರೇ ನಡೆಸುವ ದೋಣಿ. ಹಗಲಿನ ಪಂದ್ಯ, ಸಂಜೆಗೆ ದಡ. ಕಷ್ಟ ನನ್ನದಕ್ಕಿಂತ ಹೆಚ್ಚು, ನಿದ್ದೆಯೂ ಹೆಚ್ಚು.

ಈಗ ನಮ್ಮ ಗದ್ದೆಯಲ್ಲಿ ಅಟ್ಟಣೆ ಇಲ್ಲ. ಸೋಲಾರ್ ಬೇಲಿ ಬಂದಿದೆ, ಆನೆ ಎಲ್ಲಿದೆ ಅಂತ ಫೋನಿಗೆ ಮೆಸೇಜು ಬರುತ್ತದೆ. ಆದರೂ ಊರಿಗೆ ಬಂದ ಮೊದಲ ವಾರ ರಾತ್ರಿ ಮೂರಕ್ಕೆ ನನಗೆ ತಾನಾಗಿ ಎಚ್ಚರವಾಗುತ್ತದೆ. ಬಾಗಿಲು ತೆಗೆದು ಜಗಲಿಯಲ್ಲಿ ನಿಂತು ಕತ್ತಲೆಯ ತೋಟವನ್ನು ಎಡದಿಂದ ಬಲಕ್ಕೆ ಒಂದು ಸುತ್ತು ನೋಡುತ್ತೇನೆ. ಒಳಗಿನಿಂದ ಅವ್ವನ ಧ್ವನಿ.

"ಆನೆ ಬಂತಾ?"

"ಇಲ್ಲ ಅವ್ವ."

"ಹಾಗಾದ್ರೆ ಬಾಗಿಲು ಹಾಕು. ಚಳಿ."