ಹಿತ್ತಲಿನ ಬಂಬಿಗೊಂದು ಗೂಡು

ಧಾರವಾಡದ ಮಳೆ ಪಡುವಣ ಗಾಳಿಯೊಡನೆ ಓರೆಯಾಗಿ ಬರುವುದರಿಂದ, ಹಿತ್ತಲಿನಲ್ಲಿ ನೀರು ಕಾಯಿಸುವ ಬಂಬಿಗೆ ಮರೆ ಕಟ್ಟುವವರು ಮೇಲಿನ ತಗಡಿಗಿಂತ ಮೊದಲು ಪಶ್ಚಿಮದ ಗೋಡೆಯನ್ನು ನಿಶ್ಚಯಿಸಿಕೊಳ್ಳಬೇಕು. ನಾವು ಪಶ್ಚಿಮ ಮತ್ತು ದಕ್ಷಿಣಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿ, ಕಟ್ಟಿಗೆ ಹಾಕುವ ಬಾಯಿಯನ್ನು ಪೂರ್ವಕ್ಕೆ ತಿರುಗಿಸಿದೆವು. ನೆಲವನ್ನು ಅರ್ಧ ಅಡಿ ಎತ್ತರಿಸಿ ಶಹಾಬಾದ್ ಕಲ್ಲು ಹಾಸಿದರೂ, ಬೂದಿ ಬೀಳುವಲ್ಲಿ ಮಾತ್ರ ಇಟ್ಟಿಗೆಯನ್ನೇ ಇಟ್ಟೆವು. ಸುಣ್ಣಕಲ್ಲಿನ ಜಾತಿಯ ಆ ಹಾಸುಗಲ್ಲು ಕೆಂಡದ ಕಾವಿಗೆ ಸಿಡಿಯಬಹುದು.

ಗೌಂಡಿಯವರು ನಾಲ್ಕೂ ಕಡೆ ಮುಚ್ಚಿ ಬಾಗಿಲು ಕೂಡಿಸೋಣವೆಂದರು. ಅದಕ್ಕೆ ನಾನು ಒಪ್ಪಲಿಲ್ಲ. ಗಾಳಿ ಸಾಲದೆ ಉರಿಯುವ ಕಟ್ಟಿಗೆಯಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಬಚ್ಚಲಿನ ಕಿಟಕಿಯಿಂದ ಒಳಗೆ ನುಗ್ಗಿದರೆ ಸ್ನಾನಕ್ಕೆ ನಿಂತವರಿಗೆ ತಿಳಿಯುವುದೂ ಇಲ್ಲ. ಆದ್ದರಿಂದ ಪೂರ್ವವನ್ನು ಪೂರ್ತಿ ತೆರೆದಿಟ್ಟು, ಉತ್ತರಕ್ಕೆ ತಗಡು ಹೊಡೆದು, ಅದರ ಕೆಳಗೂ ಮೇಲೂ ಗಾಳಿಯಾಡಲು ಸಂದು ಬಿಟ್ಟು, ಗೂಡನ್ನು ಆ ಕಿಟಕಿಯಿಂದ ದೂರಕ್ಕೆ ಸರಿಸಿದೆವು.

ನಿಜವಾದ ಕೆಲಸವಿದ್ದುದು ಹೊಗೆ ಕೊಳವೆ ಮೇಲಿನ ತಗಡನ್ನು ದಾಟುವಲ್ಲಿ. ಕೊಳವೆಯ ಅಳತೆಗೇ ತೂತು ಕೊರೆದು ಸುತ್ತ ಸಿಮೆಂಟ್ ಮೆತ್ತುವುದು ರೂಢಿಯಾದರೂ, ಬಿಸಿಗೆ ಲೋಹ ಹಿಗ್ಗಿ ಕುಗ್ಗುವಾಗ ಆ ಮೆತ್ತು ಬಿರುಕು ಬಿಟ್ಟು ಸೋರತೊಡಗುತ್ತದೆ. ಅದರ ಬದಲು ತೂತನ್ನು ಅಗಲ ಮಾಡಿ, ಅದರ ಅಂಚಿಗೆ ಮೇಲ್ಮುಖವಾಗಿ ಒಂದು ತಗಡಿನ ಬಳೆಯನ್ನು ಬೆಸೆದು, ಅದನ್ನು ಮುಟ್ಟದಂತೆ ಕೊಳವೆಗೇ ಒಂದು ಕೊಡೆಯಂಥ ಪಟ್ಟಿಯನ್ನು ಬಿಗಿಸಿದರೆ, ನೀರು ಹೊರಗೆ ಜಾರುತ್ತದೆ, ಕೊಳವೆಗೂ ಅಲುಗಾಡಲು ಜಾಗವಿರುತ್ತದೆ. ಬಂಬು ತಾಮ್ರದ್ದಾಗಿದ್ದರೆ ಸತುವಿನ ಲೇಪದ ತಗಡು ಅದಕ್ಕೆ ತಾಗದಂತೆ ಇನ್ನೊಂದು ಎಚ್ಚರ ಬೇಕು. ತೇವದಲ್ಲಿ ಈ ಎರಡು ಲೋಹಗಳು ಕೂಡಿದರೆ ತಗಡು ಬೇಗ ತಿಂದುಹೋಗುತ್ತದೆ.

ಮಾಳಿಗೆಯ ಟಾಕಿಯಿಂದ ಬಂಬಿಗೆ ನೀರು ಜೋಡಿಸುವವರು ಬಂಬಿನ ನೆತ್ತಿಯಿಂದ ಒಂದು ಪೈಪನ್ನು ಟಾಕಿಯ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಏರಿಸಿ, ಅದರ ತುದಿಯನ್ನು ಬಗ್ಗಿಸಿ, ತೆರೆದೇ ಬಿಡಬೇಕು. ಅಲ್ಲಿಂದ ಉಗಿ ಬರುತ್ತದೆಂದೋ ಇಲಿ ಹೊಗುತ್ತದೆಂದೋ ಬಿರಡೆ ಜಡಿಯುವುದುಂಟು. ಹಾಗೆ ಮುಚ್ಚಿದ ಬಂಬು ಒತ್ತಡ ಹೆಚ್ಚಿ ಸಿಡಿಯಬಲ್ಲದು. ಇಲಿಯ ಭಯವಿದ್ದರೆ ಜಾಳಿಗೆ ಕಟ್ಟಿದರೆ ಸಾಕು.

ಕಟ್ಟಿಗೆಯನ್ನೂ ಕಾಳು ಬಿಡಿಸಿದ ಗೋವಿನಜೋಳದ ಬೆಂಡನ್ನೂ ಅದೇ ಗೂಡಿನಲ್ಲಿ ಪೇರಿಸಿದರೆ ಬೆಚ್ಚಗಿರುತ್ತವೆ ಎಂಬ ಆಸೆ ಮನೆಯವರೆಲ್ಲರಿಗೂ ಇತ್ತು. ಕಿಡಿ ಹಾರುವ ಬಾಯಿಯ ಪಕ್ಕದಲ್ಲಿ ಬೆಂಡಿನ ರಾಶಿ ಬೇಡವೆಂದು, ಪಶ್ಚಿಮದ ಗೋಡೆಯ ಹೊರಗೆ ತಗಡನ್ನೇ ಎರಡು ಅಡಿ ಮುಂದಕ್ಕೆ ಚಾಚಿ, ಕೆಳಗೆ ಇಟ್ಟಿಗೆಯ ಮೇಲೆ ಹಲಗೆ ಹಾಕಿ, ಮಳೆಯ ಕಡೆಗೆ ತಾಡಪತ್ರಿ ಇಳಿಬಿಟ್ಟಿದ್ದೇವೆ.